ಟೆಸ್ಟ್ ಪೇಜ್

ಘಾಟ್ಕೋಪರ್ ಪೂರ್ವ, ಮೂರನೇ ಮಾಳಿಗೆ,
ಸ್ಟಾಫ್ ರೂಮಿಗೂ ಕಕ್ಕಸಿಗೂ ನಡುವಿನ ಗೂಡಿನಲ್ಲಿ
ಅದು ಕೂತಿದೆ. ಮೂರು ಮಾಧ್ಯಮಕ್ಕೆ ಒಂದೇ ಪ್ರಿಂಟರ್.
ಇಂಗ್ಲಿಷಿನವರು ನೆಲ ಅಂತಸ್ತಿನಿಂದ ಕಳಿಸುತ್ತಾರೆ,
ಮರಾಠಿಯವರು ಎರಡನೆಯದರಿಂದ.
ನಮ್ಮ ಕನ್ನಡದ ಅರವತ್ತೊಂದು ಮಕ್ಕಳು
ಮೇಲೆ, ತಗಡಿನ ಕೆಳಗೆ,
ತಗಡು ಕಾದಷ್ಟೇ ಕಾದು.

ನಾನು ಲ್ಯಾಬಿನವನು. ಹೆಸರಿದೆ, ಯಾರೂ ಕರೆಯುವುದಿಲ್ಲ.
ಸರ್ವರಿಗೆ ನಾನು ಅಡ್ಮಿನ್,
ಉಳಿದವರಿಗೆ "ಅರೇ, ಪೇಪರ್ ಅಡಕಲಾ!"

ಮೊದಲು ಲಗಾಮು ಇರಲಿಲ್ಲ.
ಯಾರೋ ಮಗಳ ಮದುವೆಯ ಕರೆಯೋಲೆ ಬಣ್ಣದಲ್ಲಿ ಹೊಡೆದರು,
ಯಾರೋ ಸೊಸೈಟಿ ಮೀಟಿಂಗಿನ ನೋಟೀಸು,
ಗಲ್ಲಿಯ ಗಣಪತಿಯ ವಂತಿಗೆ ರಸೀದಿ ಐನೂರು.
ಬೆಳಿಗ್ಗೆ ಟ್ರೇ ತುಂಬ ವಾರಸುದಾರರಿಲ್ಲದ ಹಾಳೆಗಳು,
ಅವುಗಳ ನಡುವೆ, ಮುಖ ಮೇಲಾಗಿ,
ಹತ್ತನೆಯವರ ಬೀಜಗಣಿತದ ಪ್ರಶ್ನೆಪತ್ರಿಕೆ.

ಪೆಡ್ನೇಕರ್ ಮೇಡಂ ಅಂದೇ ನನ್ನನ್ನು ಕರೆಸಿದರು.
ಈಗ ಒಬ್ಬೊಬ್ಬರಿಗೂ ನಾಲ್ಕಂಕಿಯ ಗುಟ್ಟು,
ತಿಂಗಳಿಗೆ ಇನ್ನೂರು ಪುಟ.
ಕಳಿಸಿದ್ದು ಸಾಲಿನಲ್ಲಿ ನಿಲ್ಲುತ್ತದೆ;
ಕಳಿಸಿದವರೇ ಬಂದು ಗುಂಡಿ ಒತ್ತುವ ತನಕ
ಕಾಗದವಾಗುವುದಿಲ್ಲ.
ಒಂದು ದಿನ ಕಾದು ಅಳಿಸಿಹೋಗುತ್ತದೆ,
ತುಟಿಯವರೆಗೆ ಬಂದು ಆಡದೆ ಉಳಿದ ಮಾತಿನ ಹಾಗೆ.
ಬಣ್ಣಕ್ಕೆ ಬೀಗ. ಎರಡೂ ಬದಿ ಕಡ್ಡಾಯ.
ಅಕ್ಷರ ಹನ್ನೊಂದಕ್ಕಿಂತ ದೊಡ್ಡದು ಬೇಡ
ಎಂದು ಮೇಡಂ ಕೈಯಾರೆ ಬರೆದ ಚೀಟಿ
ಪ್ರಿಂಟರಿನ ಎದೆಗೆ.

ಮೊದಲ ವಾರ ಕನ್ನಡ ಚೌಕ ಚೌಕವಾಗಿ ಬಂತು.
ಒತ್ತಕ್ಷರಗಳು ಕೆಳಗಿಳಿಯದೆ ಪಕ್ಕದಲ್ಲೇ ನಿಂತವು,
ಲೋಕಲ್ ತಪ್ಪಿಸಿಕೊಂಡವರಂತೆ.
ಫಾಂಟು ಹಾಕಿದೆ. ಇಳಿದವು.

ಜುಲೈ ಹನ್ನೆರಡಕ್ಕೇ ವಾರಿಜಾಕ್ಷಿ ಟೀಚರ ಇನ್ನೂರು ಮುಗಿಯಿತು.
ಆಗಸ್ಟಿನಲ್ಲಿ ಒಂಬತ್ತಕ್ಕೆ.
ಮೇಡಂ ಪಟ್ಟಿ ಕೇಳಿದರು: ಯಾರು, ಎಷ್ಟು, ಏನು.
ಏನು ಎಂದು ನೋಡುವ ಅಧಿಕಾರ ನನಗಿದೆ.
ನೋಡಬಾರದು ಎಂಬುದೂ ಗೊತ್ತಿದೆ.
ನೋಡಿದೆ.

ಒಂಬತ್ತನೆಯ ಇತಿಹಾಸ, ಪಾಠ ನಾಲ್ಕು.
ಹಾಳೆಗೆ ಆರೇ ಸಾಲು,
ಒಂದೊಂದು ಅಕ್ಷರ ಹುಣಸೆಬೀಜದಷ್ಟು.
ಪುಸ್ತಕದ ಐದು ಪುಟ ಇಲ್ಲಿ ನಲವತ್ಮೂರು.

ಕೇಳೋಣವೆಂದು ಹತ್ತಿ ಹೋದೆ.
ಟೀಚರ್ ಮಾತಾಡಲಿಲ್ಲ, ಕಿಟಕಿಯ ಬೆಂಚು ತೋರಿಸಿದರು.
ಮಾನಖುರ್ದಿನಿಂದ ಬರುವ ಭೌರಮ್ಮ,
ಅಪ್ಪನಿಗೆ ಸೆಂಟ್ರಿಂಗ್ ಕೆಲಸ, ಅಫಜಲಪುರದ ಕಡೆಯವರು.
ಮೂಗು ಹಾಳೆಗೆ ತಾಗುವಂತೆ ಬಾಗಿ
ಒಂದೊಂದೇ ಅಕ್ಷರ ದಾಟುತ್ತಿದ್ದಳು,
ಹಳಿ ದಾಟುವವರ ಹಾಗೆ, ಎರಡೂ ಕಡೆ ನೋಡಿ.

"ಸರ್ರ," ಅಂದಳು, ತಲೆ ಎತ್ತದೆ,
"ಎಲ್ಲಾ ಹಾಳ್ಯಾಗ ಬಲಗಡಿ ಒಂದು ಬಿಳಿ ಗೆರಿ ಅದ ರೀ.
ಅಲ್ಲಿ ಳ ಬಂದ್ರ ಬಾಲ ಕಡೀತದ."

ಮೂರು ಮಾಧ್ಯಮ, ನಲವತ್ತು ಶಿಕ್ಷಕರು,
ಚಷ್ಮಾ ಹಾಕಿದವರು, ಹಾಕದವರು, ದಿನಾ ಮುಚ್ಚಳ ತೆಗೆಯುವ ನಾನು:
ಯಾರಿಗೂ ಕಂಡಿರಲಿಲ್ಲ.
ಡ್ರಮ್ಮಿನ ಮೇಲೆ ಕೂದಲೆಳೆಯಷ್ಟು ಗೀರು.
ಶನಿವಾರ ಬದಲಿಸಿದೆ.

ಎಲ್ಲರ ಹೆಸರಿನ ಮುಂದೆಯೂ ಇನ್ನೂರು ಎಂದಿದೆ,
ಅಡ್ಮಿನ್ ಮುಂದೆ ಬರೀ ಒಂದು ಗೀಟು.
ಗೀಟು ಎಂದರೆ ಮಿತಿಯಿಲ್ಲ.
ಆ ಗೀಟಿನ ಮೇಲೆ ಈ ತಿಂಗಳು
ಇತಿಹಾಸ ಹೋಯಿತು, ಭೂಗೋಳ ಹೋಯಿತು,
ಸಂಜೆ ಆರರ ನಂತರ, ಗೂಡು ಖಾಲಿಯಾದಾಗ,
ಒಂದೇ ಬದಿ,
ಬಿಸಿಬಿಸಿ ಹಾಳೆ ಮಡಚದೆ.

ಮೂವತ್ತನೇ ತಾರೀಖು ಪಟ್ಟಿ ನಾನೇ ತೆಗೆದೆ, ನಾನೇ ಒಯ್ದೆ.
ಮೊದಲ ಹೆಸರು ನನ್ನದು. ಒಂಬೈನೂರ ಹದಿನಾಲ್ಕು.
ಮೇಡಂ ಕನ್ನಡಕ ಹಣೆಗೇರಿಸಿದರು:
"ಇಷ್ಟೊಂದು ಏನು?"
"ಟೆಸ್ಟ್ ಪೇಜ್, ಮೇಡಂ."

ಫ್ಯಾನು ಎರಡು ಸುತ್ತು ಸುತ್ತುವಷ್ಟು ಹೊತ್ತು
ನನ್ನನ್ನೇ ಓದಿದರು. ಸಹಿ ಹಾಕಿದರು.
ನಾನು ಬಾಗಿಲಿಗೆ ಬಂದಾಗ ಹಿಂದಿನಿಂದ:
"ಈಗ ನೀಟಾಗಿ ಬರುತ್ತಾ?"

ಬರುತ್ತೆ, ಮೇಡಂ.
ಬಾಲದ ಸಮೇತ.